ಡಬ್ಬಿ ಮೇಲಿನ ‘ನ್ಯೂಕ್ಲಿಯೋಟೈಡ್’ ನೋಡಿ ಹಾಲು ಆರಿಸಬೇಕಾ? ಕೂಸಿನ ಕರುಳಿನ ಕಡೆಯಿಂದ ಒಂದು ಹೋಲಿಕೆ

ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ. ಎದೆಹಾಲು ಇದ್ದರೆ ಅದೇ. ತಿಂಗಳು ತುಂಬದೆ ಹುಟ್ಟಿದ ಕೂಸಿಗೆ ತಾಯಿಯ ಹಾಲು ಸಾಲದಿದ್ದರೆ ಬ್ಯಾಂಕಿನ ಎದೆಹಾಲು, ಅಂದರೆ ಬೇರೆ ತಾಯಂದಿರು ದಾನ ಕೊಟ್ಟದ್ದು. ಎರಡೂ ಆಗದಿದ್ದರೆ ಡಬ್ಬಿ ಹಾಲು, ಅದರಲ್ಲಿ ನ್ಯೂಕ್ಲಿಯೋಟೈಡ್ (ಡಿಎನ್‌ಎ, ಆರ್‌ಎನ್‌ಎ ಕಟ್ಟುವ ಬಿಡಿ ತುಣುಕು) ಇದ್ದರೂ ಸರಿ, ಇಲ್ಲದಿದ್ದರೂ ಸರಿ. ವರ್ಷ ತುಂಬುವ ಮೊದಲು ಹಸುವಿನ ಹಾಲನ್ನೇ ಮುಖ್ಯ ಆಹಾರ ಮಾಡಬೇಡಿ. ಮೇಕೆ ಹಾಲು, ಕತ್ತೆ ಹಾಲು ಬೇಡವೇ ಬೇಡ. ಇಷ್ಟು ಸಾಕು ಎನ್ನುವವರು ಇಲ್ಲಿಗೇ ನಿಲ್ಲಿಸಬಹುದು. ಯಾಕೆ ಅಂತ ಕೇಳುವವರು ಮುಂದೆ ಬನ್ನಿ.

ಇದನ್ನು ಬರೆಯುವುದಕ್ಕೆ ಕಾರಣ ನಮ್ಮ ಮನೆಯ ವಾಟ್ಸ್ಆ್ಯಪ್ ಗುಂಪು. ನಾನು ಯಾವ ಕಾಲದಲ್ಲೋ ಬಯೋಕೆಮಿಸ್ಟ್ರಿ ಓದಿದವನು. ಅದೊಂದೇ ತಪ್ಪಿಗೆ ಗುಂಪಿನಲ್ಲಿ ಮಾತ್ರೆ, ಟಾನಿಕ್, ಪುಡಿ, ಏನೇ ಬಂದರೂ ಫೋಟೋ ನನ್ನ ಕಡೆ ತಿರುಗುತ್ತದೆ. ಹೋದ ಸಲ ತಂಗಿ ಮೆಡಿಕಲ್ ಶಾಪಿನ ಮುಂದೆ ನಿಂತು ಎರಡು ಡಬ್ಬಿಗಳ ಫೋಟೋ ಕಳಿಸಿದಳು. ಒಂದರ ಬೆಲೆ ಇನ್ನೊಂದಕ್ಕಿಂತ ಚೆನ್ನಾಗೇ ಜಾಸ್ತಿ, ಅದರ ಹಿಂಬದಿಯ ಪಟ್ಟಿಯಲ್ಲಿ ‘ನ್ಯೂಕ್ಲಿಯೋಟೈಡ್ಸ್’ ಎಂಬ ಸಾಲು. ಅಂಗಡಿಯವನು ‘ಇದು ಬ್ರೈನಿಗೆ ಒಳ್ಳೇದು ಮೇಡಂ’ ಅಂದನಂತೆ. ತಗೊಳ್ಳಲಾ ಬೇಡವಾ? ಅವಳಿಗೆ ಎರಡು ನಿಮಿಷದಲ್ಲಿ ಉತ್ತರ ಬೇಕಿತ್ತು, ನಾನು ಎರಡು ದಿನ ತಗೊಂಡೆ.

ಬ್ರಾಂಡ್ ಹೆಸರು ಇಲ್ಲಿ ಹೇಳುವುದಿಲ್ಲ. 1992ರ ಕಾನೂನಿನ ಪ್ರಕಾರ ನಮ್ಮ ದೇಶದಲ್ಲಿ ಶಿಶುಗಳ ಡಬ್ಬಿ ಹಾಲಿಗೆ ಜಾಹೀರಾತು ಕೊಡುವಂತಿಲ್ಲ, ಉಚಿತ ಸ್ಯಾಂಪಲ್ ಹಂಚುವಂತಿಲ್ಲ, ಡಬ್ಬಿ ಮೇಲೆ ಮಗುವಿನ ಚಿತ್ರ ಹಾಕುವಂತಿಲ್ಲ. ಆ ಕಾನೂನು ಯಾಕೆ ಬಂತು ಅಂತ ಗೊತ್ತಿರುವುದರಿಂದ ನಾನೂ ಪುಕ್ಕಟೆ ಪ್ರಚಾರ ಮಾಡುವುದಿಲ್ಲ. ಚಿತ್ರ ಹಾಕಲಾಗದ ಕಂಪನಿಗಳು ದೊಡ್ಡ ದೊಡ್ಡ ರಾಸಾಯನಿಕ ಹೆಸರುಗಳನ್ನು ಎದ್ದು ಕಾಣುವಂತೆ ಹಾಕುತ್ತವೆ ಅನ್ನುವುದು ನನ್ನ ಗುಮಾನಿ.

ಮಾಲೆ, ಹೂವು, ತೊಟ್ಟು

ನಾವು ತಿನ್ನುವ ಎಲ್ಲದರಲ್ಲೂ ಡಿಎನ್‌ಎ, ಆರ್‌ಎನ್‌ಎ ಇರುತ್ತವೆ. ಸೊಪ್ಪು, ಬೇಳೆ, ಮೀನು, ಹಾಲು, ಎಲ್ಲ ಒಂದು ಕಾಲಕ್ಕೆ ಜೀವಕೋಶಗಳೇ ಅಥವಾ ಜೀವಕೋಶಗಳಿಂದ ಬಂದದ್ದೇ ಅಲ್ವಾ. ಒಟ್ಟಿಗೆ ಇವುಗಳನ್ನು ನ್ಯೂಕ್ಲಿಯಿಕ್ ಆಮ್ಲ ಅನ್ನುತ್ತಾರೆ. ದೊಡ್ಡವರು ದಿನಕ್ಕೆ ಸುಮಾರು ಒಂದೆರಡು ಗ್ರಾಂನಷ್ಟು ತಿಂದು ಅರಗಿಸಿಕೊಳ್ಳುತ್ತೇವೆ, ಯಾರೂ ಅದರ ಬಗ್ಗೆ ತಲೆ ಕೆಡಿಸಿಕೊಳ್ಳುವುದಿಲ್ಲ.

ಆರ್‌ಎನ್‌ಎಯನ್ನು ಮಲ್ಲಿಗೆ ಮಾಲೆ ಅಂದುಕೊಳ್ಳಿ. ಮಾರುದ್ದದ ಮಾಲೆ ಕರುಳಿನ ಬಾಗಿಲಲ್ಲಿ ತೂರುವುದಿಲ್ಲ. ಮೊದಲು ಅದನ್ನು ಮೊಳ, ಗೇಣು ಎಂದು ಕತ್ತರಿಸಬೇಕು. ಆ ಕೆಲಸ ಮಾಡುವುದು ಮೇದೋಜೀರಕ ಗ್ರಂಥಿಯಿಂದ ಬರುವ ರೈಬೋನ್ಯೂಕ್ಲಿಯೇಸ್ ಎಂಬ ಕಿಣ್ವ. ಡಿಎನ್‌ಎಗೆ ಅದರದ್ದೇ ಇನ್ನೊಂದು ಕತ್ತರಿ. ತುಂಡುಗಳನ್ನು ಬಿಡಿ ಹೂವಾಗಿ ಬಿಡಿಸಲು ಬೇರೆ ಕಿಣ್ವಗಳಿವೆ. ಹೀಗೆ ಸಿಕ್ಕ ಬಿಡಿ ಹೂವೇ ನ್ಯೂಕ್ಲಿಯೋಟೈಡ್. ಅದಕ್ಕೊಂದು ತೊಟ್ಟು ಇರುತ್ತದೆ, ಫಾಸ್ಫೇಟ್. ತೊಟ್ಟಿನ ಸಮೇತ ಒಳಗೆ ಹೋಗುವುದು ಕಷ್ಟ, ಯಾಕೆಂದರೆ ಫಾಸ್ಫೇಟಿಗೆ ವಿದ್ಯುತ್ ಆವೇಶ ಇರುತ್ತದೆ, ಕೋಶದ ಜಿಡ್ಡಿನ ಪೊರೆ ಅದನ್ನು ಬಿಟ್ಟುಕೊಳ್ಳುವುದಿಲ್ಲ. ಹಾಗಾಗಿ ಸಣ್ಣ ಕರುಳಿನ ಗೋಡೆಯ ಮೇಲೇ ಕೂತಿರುವ ಆಲ್ಕಲೈನ್ ಫಾಸ್ಫಟೇಸ್ ತರಹದ ಕಿಣ್ವಗಳು ತೊಟ್ಟು ಕಿತ್ತು ಹಾಕುತ್ತವೆ. ತೊಟ್ಟಿಲ್ಲದ ಹೂವಿಗೆ ನ್ಯೂಕ್ಲಿಯೋಸೈಡ್ ಅಂತ ಹೆಸರು. ಕರುಳಿನ ಕೋಶಗಳಲ್ಲಿ ಅದಕ್ಕೇ ಅಂತ ಸಾಗಣೆ ಬಾಗಿಲುಗಳಿವೆ, ಕೆಲವು ಸೋಡಿಯಂ ಜತೆ ಎಳೆದುಕೊಳ್ಳುತ್ತವೆ, ಕೆಲವು ಸುಮ್ನೆ ಬಿಟ್ಟುಕೊಳ್ಳುತ್ತವೆ.

ಒಳಗೆ ಹೋದ ಮೇಲೆ? ಬಹುಪಾಲು ಅಲ್ಲೇ ಮುರಿದು ಹೋಗುತ್ತದೆ. ಹೂವುಗಳಲ್ಲಿ ಅಡೆನಿನ್, ಗ್ವಾನಿನ್ ಜಾತಿಯವು ಯೂರಿಕ್ ಆಮ್ಲವಾಗಿ ಮೂತ್ರದಲ್ಲಿ ಹೊರಗೆ ಬರುತ್ತವೆ. ಒಂದು ಸಣ್ಣ ಪಾಲನ್ನು ಮಾತ್ರ ದೇಹ ಹಾಗೇ ಎತ್ತಿಟ್ಟುಕೊಂಡು ಹೊಸ ಡಿಎನ್‌ಎ, ಆರ್‌ಎನ್‌ಎ ಕಟ್ಟಲು ಬಳಸುತ್ತದೆ, ಅದರಲ್ಲೂ ಕರುಳಿನ ಒಳಪದರ. ಆ ಪದರ ಕೆಲವೇ ದಿನಗಳಿಗೊಮ್ಮೆ ಪೂರ್ತಿ ಹೊಸದಾಗುತ್ತದೆ, ಆದರೆ ತಾನೇ ಮೊದಲಿಂದ ನ್ಯೂಕ್ಲಿಯೋಟೈಡ್ ತಯಾರಿಸಿಕೊಳ್ಳುವ ಶಕ್ತಿ ಅದಕ್ಕೆ ಕಡಿಮೆ. ಪಕ್ಕದ ಮನೆಯಿಂದ ಸಕ್ಕರೆ ಕಡ ತರುವ ಹಾಗೆ ಯಕೃತ್ತಿನಿಂದ ತರಿಸಿಕೊಳ್ಳುತ್ತದೆ, ಊಟದಲ್ಲಿ ಬಂದರೆ ಅದನ್ನೂ ಹಿಡಿದುಕೊಳ್ಳುತ್ತದೆ. ಡಬ್ಬಿಯಲ್ಲಿ ಇದನ್ನು ಸೇರಿಸುವವರ ಇಡೀ ವಾದ ನಿಂತಿರುವುದು ಈ ಒಂದು ಅಂಶದ ಮೇಲೆ. ವಾದ ಪೊಳ್ಳಲ್ಲ. ಎಷ್ಟು ಗಟ್ಟಿ ಅನ್ನುವುದಷ್ಟೇ ಪ್ರಶ್ನೆ.

ಕುಡಿದದ್ದು ನಿಜವಾಗಿ ಮೈಗೆ ಹತ್ತುತ್ತದಾ ಎಂಬ ಅನುಮಾನ ಇರುವವರಿಗೆ ಒಂದು ಅಪರೂಪದ ಕಾಯಿಲೆಯ ಉದಾಹರಣೆ ಕೊಡುತ್ತೇನೆ. ಹುಟ್ಟಿನಿಂದ ಬರುವ ಓರೋಟಿಕ್ ಆಸಿಡ್ಯೂರಿಯಾ ಎಂಬುದೊಂದಿದೆ. ಅಂಥ ಮಕ್ಕಳ ದೇಹಕ್ಕೆ ಯುರಿಡಿನ್ ಗುಂಪಿನ ಹೂವುಗಳನ್ನು ತಯಾರಿಸಲು ಬರುವುದಿಲ್ಲ. ರಕ್ತ ಕಡಿಮೆಯಾಗುತ್ತದೆ, ಬೆಳವಣಿಗೆ ನಿಲ್ಲುತ್ತದೆ. ಚಿಕಿತ್ಸೆ ಏನು ಗೊತ್ತಾ? ಬಾಯಿಂದ ಯುರಿಡಿನ್ ಕೊಡುವುದು. ಕರುಳಲ್ಲಿ ಸುಲಭವಾಗಿ ಸೇರಲಿ ಅಂತ ಅದರ ಒಂದು ಮಾರ್ಪಟ್ಟ ರೂಪಕ್ಕೆ 2015ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಅಂದರೆ ನುಂಗಿದ ನ್ಯೂಕ್ಲಿಯೋಸೈಡ್ ರಕ್ತಕ್ಕೆ ಸೇರಿ ಕೆಲಸಕ್ಕೆ ಬರುತ್ತದೆ, ಅನುಮಾನ ಬೇಡ. ಆದರೆ ಅದು ತಾನೇ ತಯಾರಿಸಲಾಗದ ಮಗುವಿನ ಕತೆ. ಆರೋಗ್ಯವಾಗಿರುವ ನಿಮ್ಮ ಕೂಸು ಹಗಲೂ ರಾತ್ರಿ ತಾನೇ ತಯಾರಿಸಿಕೊಳ್ಳುತ್ತಿದೆ.

ಕೂಸಿನ ಹೊಟ್ಟೆ ದೊಡ್ಡವರ ಹೊಟ್ಟೆಯ ಚಿಕ್ಕ ಮಾದರಿ ಅಲ್ಲ

ಹೋಲಿಕೆಗೆ ಇಳಿಯುವ ಮುಂಚೆ ಇದೊಂದು ತಿಳಿದಿರಬೇಕು. ದೊಡ್ಡವರ ಹೊಟ್ಟೆಯಲ್ಲಿ ಹುಳಿ ಜಾಸ್ತಿ, ಪೆಪ್ಸಿನ್ ಚುರುಕು. 2015ರಲ್ಲಿ ಚೀನಾದ ಸಂಶೋಧಕರು ಒಂದು ಮಜಾ ವಿಷಯ ತೋರಿಸಿದರು: ಪ್ರೋಟೀನ್ ಅರಗಿಸುವುದಕ್ಕೆ ಮಾತ್ರ ಎಂದು ನಾವೆಲ್ಲ ಪಾಠ ಓದಿದ್ದ ಪೆಪ್ಸಿನ್, ಹುಳಿ ವಾತಾವರಣದಲ್ಲಿ ಡಿಎನ್‌ಎಯನ್ನೂ ಕತ್ತರಿಸಬಲ್ಲದು. ಅಂದರೆ ಮಾಲೆ ಕತ್ತರಿಸುವ ಕೆಲಸ ಹೊಟ್ಟೆಯಲ್ಲೇ ಶುರುವಾಗಬಹುದು. ಪಠ್ಯಪುಸ್ತಕದಲ್ಲಿ ಕರುಳಿನಿಂದ ಶುರು ಅಂತ ಬರೆದಿತ್ತು. ನಾನು ಹಾಗೇ ಬರೆದು ಅಂಕ ತಗೊಂಡಿದ್ದೆ.

ಕೂಸಿನಲ್ಲಿ ಕತೆ ಬೇರೆ. ಹಾಲು ಕುಡಿದ ಕೂಡಲೇ ಅದರ ಹೊಟ್ಟೆಯ ಹುಳಿ ಇಳಿದುಬಿಡುತ್ತದೆ, ಪಿಎಚ್ (ಹುಳಿಯ ಅಳತೆ, ಹುಳಿ ಇಳಿದಷ್ಟೂ ಇದು ಏರುತ್ತದೆ) ಐದಾರರ ಹತ್ತಿರ ಹೋಗುತ್ತದೆ, ಮತ್ತೆ ಹುಳಿಯಾಗುವಷ್ಟರಲ್ಲಿ ಮುಂದಿನ ಹಾಲಿನ ಹೊತ್ತು. ಪೆಪ್ಸಿನ್‌ಗೆ ಅಲ್ಲಿ ಹೆಚ್ಚು ಕೆಲಸ ಸಿಗುವುದಿಲ್ಲ. ಮೇದೋಜೀರಕದ ರಸವೂ ಇನ್ನೂ ಎಳಸು, ಹಿಟ್ಟು ಅರಗಿಸುವ ಅಮೈಲೇಸ್ ಮೊದಲ ತಿಂಗಳುಗಳಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ, ಕೊಬ್ಬು ಅರಗಿಸುವ ಲೈಪೇಸೂ ಕಮ್ಮಿ. ಆದರೆ ಕರುಳಿನ ಗೋಡೆಯ ಮೇಲಿನ ಕಿಣ್ವಗಳು, ಆ ತೊಟ್ಟು ಕೀಳುವ ಆಲ್ಕಲೈನ್ ಫಾಸ್ಫಟೇಸ್ ಸೇರಿ, ತಿಂಗಳು ತುಂಬಿ ಹುಟ್ಟಿದ ಮಗುವಿನಲ್ಲಿ ಕೆಲಸಕ್ಕೆ ಸಿದ್ಧವಾಗಿಯೇ ಬಂದಿರುತ್ತವೆ.

ಮಾಲೆ ಕತ್ತರಿಸುವವರು ಕಡಿಮೆ, ತೊಟ್ಟು ಕೀಳುವವರು ಸಾಕಷ್ಟು. ಈ ಅಡುಗೆಮನೆಗೆ ಯಾವ ಹಾಲು ಹೊಂದುತ್ತದೆ, ಈಗ ನೋಡೋಣ.

ಎದೆಹಾಲು: ಮಾಲೆಯ ಜತೆ ಕತ್ತರಿಯೂ ಬರುತ್ತದೆ

ಬಹಳ ವರ್ಷ ಎದೆಹಾಲಿನಲ್ಲಿ ನ್ಯೂಕ್ಲಿಯೋಟೈಡ್ ಕಡಿಮೆ ಅಂತಲೇ ಲೆಕ್ಕ ಹಾಕುತ್ತಿದ್ದರು, ಯಾಕೆಂದರೆ ಬಿಡಿ ಹೂವನ್ನು ಮಾತ್ರ ಎಣಿಸುತ್ತಿದ್ದರು. 1995ರಲ್ಲಿ ಪ್ರಕಟವಾದ ಒಂದು ಅಳತೆಯಲ್ಲಿ ಜಾಣ ಕೆಲಸ ಮಾಡಿದರು. ಕರುಳು ಹೇಗೆ ಅರಗಿಸುತ್ತದೋ ಹಾಗೇ ಕಿಣ್ವಗಳನ್ನು ಹಾಕಿ, ಮಾಲೆ, ತುಂಡು, ಬಿಡಿ ಹೂವು ಎಲ್ಲವನ್ನೂ ಕೊನೆಯ ರೂಪಕ್ಕೆ ತಂದು ಆಮೇಲೆ ಎಣಿಸಿದರು. ಸರಾಸರಿ ಲೀಟರಿಗೆ ಸುಮಾರು 72 ಮಿಲಿಗ್ರಾಂ ಬಂತು. ಅದರಲ್ಲಿ ಹತ್ತಿರ ಅರ್ಧದಷ್ಟು ಮಾಲೆಯ ರೂಪದಲ್ಲೇ ಇತ್ತು, ಅಂದರೆ ಆರ್‌ಎನ್‌ಎ. ತಾಯಿಯಿಂದ ತಾಯಿಗೆ ವ್ಯತ್ಯಾಸವೂ ತುಂಬಾ.

ಈಗ ನಿಮಗೆ ಪ್ರಶ್ನೆ ಬರಬೇಕು. ಕತ್ತರಿಸುವವರು ಕಡಿಮೆ ಇರುವ ಹೊಟ್ಟೆಗೆ ಮಾಲೆ ಯಾಕೆ ಕಳಿಸುತ್ತದೆ ತಾಯಿಯ ಮೈ? ಉತ್ತರ ಹಾಲಿನಲ್ಲೇ ಇದೆ. ಎದೆಹಾಲಿನಲ್ಲಿ ರೈಬೋನ್ಯೂಕ್ಲಿಯೇಸ್ ಚೆನ್ನಾಗಿಯೇ ಇರುತ್ತದೆ, ಆಲ್ಕಲೈನ್ ಫಾಸ್ಫಟೇಸ್ ಕೂಡ ಇರುತ್ತದೆ. ಕೊಬ್ಬಿನ ವಿಷಯದಲ್ಲೂ ಇದೇ ಏರ್ಪಾಟು, ಕೂಸಿನ ಲೈಪೇಸ್ ಸಾಲದು ಅಂತ ಹಾಲಿನಲ್ಲೇ ಒಂದು ಲೈಪೇಸ್ ಬರುತ್ತದೆ, ಪಿತ್ತರಸ ತಗುಲಿದ ಮೇಲೆ ಕೆಲಸ ಶುರು ಮಾಡುತ್ತದೆ. ಬಾಣಂತಿಯ ತವರಿನವರು ಬರಿ ಅಕ್ಕಿ ಬೇಳೆ ಕಳಿಸುವುದಿಲ್ಲ, ಅಡುಗೆಯವರನ್ನೂ ಜತೆಗೆ ಕಳಿಸುತ್ತಾರೆ. ಹಾಗೆ ಇದು.

ಮಾಲೆಯಾಗಿ ಬರುವುದರಿಂದ ಇನ್ನೊಂದು ಪರಿಣಾಮವೂ ಇರಬಹುದು: ಬಿಡಿ ಹೂವುಗಳು ಒಮ್ಮೆಲೇ ಸುರಿಯದೆ, ಕರುಳಿನ ಉದ್ದಕ್ಕೂ ನಿಧಾನವಾಗಿ ಉದುರುತ್ತಾ ಹೋಗಬಹುದು.

ಒಂದು ಅಡ್ಡ ಮಾತು. ಸ್ಪೇನಿನಲ್ಲಿ 2009ರಲ್ಲಿ ಎದೆಹಾಲನ್ನು ಹೊತ್ತು ಹೊತ್ತಿಗೆ ತೆಗೆದು ಅಳೆದಾಗ ಕೆಲವು ನ್ಯೂಕ್ಲಿಯೋಟೈಡ್‌ಗಳು ರಾತ್ರಿ ಹೊತ್ತು ಜಾಸ್ತಿ ಕಂಡವು, ಅವು ನಿದ್ದೆ ಬರಿಸಲು ನೆರವಾಗಬಹುದಾ ಎಂದು ಅವರು ಕೇಳಿದರು. ಚಂದದ ಪ್ರಶ್ನೆ. ರಾತ್ರಿ ಎರಡು ಗಂಟೆಗೆ ಎದ್ದು ಕೂತ ಯಾವ ತಾಯಿಗೂ ನಾನು ಇದನ್ನು ಹೇಳುವ ಧೈರ್ಯ ಮಾಡುವುದಿಲ್ಲ.

ಇನ್ನು ಹುಟ್ಟಿದ ಮೊದಲ ದಿನಗಳ ಹಳದಿ ಹಾಲು. ಗಟ್ಟಿಯಾಗಿದೆ, ಕೆಟ್ಟದ್ದು ಅಂತ ಹಿಂಡಿ ಚೆಲ್ಲುವ ಮನೆಗಳು ಈಗಲೂ ಇವೆ, ಬದಲಿಗೆ ಜೇನು, ಸಕ್ಕರೆ ನೀರು, ಹರಳೆಣ್ಣೆ ನೆಕ್ಕಿಸುತ್ತಾರೆ. ಜೀವಂತ ಕೋಶಗಳು, ಸೋಂಕು ತಡೆಯುವ ವಸ್ತುಗಳು ಅತಿ ಹೆಚ್ಚು ಇರುವುದು ಅದರಲ್ಲೇ. ಹಸು ಕರು ಹಾಕಿದರೆ ಗಿಣ್ಣಿಗೆ ಬೀದಿಯವರೆಲ್ಲ ಪಾತ್ರೆ ಹಿಡಿದು ಬರುತ್ತೇವೆ, ನಮ್ಮ ಮನೆಯ ಕೂಸಿನ ಗಿಣ್ಣು ಮಾತ್ರ ಬಚ್ಚಲಿಗೆ.

ಬ್ಯಾಂಕಿನ ಎದೆಹಾಲು

ಮುಂಬೈಯ ಸಯನ್ ಆಸ್ಪತ್ರೆಯಲ್ಲಿ 1989ರಲ್ಲಿ ಶುರುವಾದದ್ದು ಏಷ್ಯಾದ ಮೊದಲ ಎದೆಹಾಲಿನ ಬ್ಯಾಂಕ್. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲಿ 2022ರಲ್ಲಿ ‘ಅಮೃತಧಾರೆ’ ಶುರುವಾಯಿತು. ಕೊಡುವ ತಾಯಂದಿರ ರಕ್ತ ಪರೀಕ್ಷೆ ಮಾಡುತ್ತಾರೆ, ಹಾಲನ್ನು 62.5 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾಯಿಸುತ್ತಾರೆ.

ಈ ಕಾಯಿಸುವಿಕೆಯಿಂದ ಹೂವಿಗೆ ಹೆಚ್ಚೇನೂ ಆಗುವುದಿಲ್ಲ, ಹಾಳಾಗುವುದು ಅಡುಗೆಯವರಲ್ಲಿ ಕೆಲವರು. ಲೈಪೇಸ್ ಹೋಗುತ್ತದೆ. ಆಲ್ಕಲೈನ್ ಫಾಸ್ಫಟೇಸ್ ಹೋಗುತ್ತದೆ. ಡೇರಿಗಳಲ್ಲಿ ಹಸುವಿನ ಹಾಲು ಸರಿಯಾಗಿ ಪಾಶ್ಚರೀಕರಣ ಆಗಿದೆಯಾ ಅಂತ ನೋಡುವುದೇ ಈ ಕಿಣ್ವ ಸತ್ತಿದೆಯಾ ಎಂದು. ರೈಬೋನ್ಯೂಕ್ಲಿಯೇಸ್ ಮಾತ್ರ ಗಟ್ಟಿ ಪಿಂಡ, ಬಿಸಿಗೆ ಸುಲಭವಾಗಿ ಜಗ್ಗುವ ಜಾತಿಯಲ್ಲ. ತೊಟ್ಟು ಕೀಳುವ ಕೆಲಸಕ್ಕೆ ಕೂಸಿನ ಕರುಳಿನದ್ದೇ ಕಿಣ್ವ ಇದೆಯಲ್ಲ, ಹಾಗಾಗಿ ನ್ಯೂಕ್ಲಿಯಿಕ್ ಆಮ್ಲದ ಲೆಕ್ಕದಲ್ಲಿ ಇಲ್ಲಿ ದೊಡ್ಡ ನಷ್ಟ ಇಲ್ಲ. ಎಳೆಯ ತಿಂಗಳಲ್ಲಿ ಹುಟ್ಟಿದ ಕೂಸಿಗೆ ಇದನ್ನು ಕೊಡುವುದಕ್ಕೆ ಮುಖ್ಯ ಕಾರಣ ಬೇರೆ: ಡಬ್ಬಿ ಹಾಲಿಗೆ ಹೋಲಿಸಿದರೆ ಕರುಳು ಕೊಳೆಯುವ ಎನ್‌ಇಸಿ ಎಂಬ ಭಯಂಕರ ಕಾಯಿಲೆ ಕಡಿಮೆ. ಆ ಒಂದು ಕಾರಣವೇ ಸಾಕು.

ಆದರೂ ಕೆಲವು ಮನೆಗಳಲ್ಲಿ ‘ಯಾರ ಹಾಲೋ ಏನೋ’ ಎಂಬ ಮಾತು ಬರುತ್ತದೆ. ಅವರ ಗುಣ ಬಂದರೆ? ಅವರ ಡಿಎನ್‌ಎ ಸೇರಿದರೆ? ಮೇಲಿನ ಮಾಲೆಯ ಕತೆ ಅಂಥವರಿಗೇ. ಕತ್ತರಿಗೆ ಜಾತಿ ಊರು ಗೊತ್ತಿಲ್ಲ. ತಾಯಿಯದ್ದಾಗಲಿ, ಪಕ್ಕದ ಹಾಸಿಗೆಯವರದ್ದಾಗಲಿ, ಹಸುವಿನದ್ದಾಗಲಿ, ಬದನೆಕಾಯಿಯದ್ದಾಗಲಿ, ಕರುಳಿನ ಬಾಗಿಲಿಗೆ ಬರುವ ಹೊತ್ತಿಗೆ ಅವೇ ನಾಲ್ಕೈದು ಬಗೆಯ ಬಿಡಿ ಹೂವು. ಮಾಲೆಯಲ್ಲಿ ಏನು ಬರೆದಿತ್ತು ಅಂತ ಬಿಡಿ ಹೂವಿಗೆ ನೆನಪಿರುವುದಿಲ್ಲ.

ಡಬ್ಬಿ ಹಾಲು: ಸೇರಿಸಿದ್ದು, ಸೇರಿಸದ್ದು

ತಂಗಿಯ ಪ್ರಶ್ನೆ ಇದೇ ಆದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಮಾಮೂಲಿ ಡಬ್ಬಿ ಹಾಲು ಹಸುವಿನ ಹಾಲಿನಿಂದ ಮಾಡಿದ್ದು. ಹಸುವಿನ ಹಾಲಿನಲ್ಲಿ ಈ ಹೂವುಗಳು ಕಡಿಮೆ, ಇರುವುದರಲ್ಲಿ ದೊಡ್ಡ ಪಾಲು ಓರೋಟಿಕ್ ಆಮ್ಲ ಎಂಬ ಅರೆ ತಯಾರಾದ ಸಾಮಾನು. ಎದೆಹಾಲಿಗೆ ಹತ್ತಿರ ತರೋಣ ಅಂತ ಜಪಾನಿನಲ್ಲಿ 1965ರಿಂದಲೇ ನ್ಯೂಕ್ಲಿಯೋಟೈಡ್ ಸೇರಿಸಲು ಶುರು ಮಾಡಿದರು. ಸ್ಪೇನಿಗೆ 1983ರಲ್ಲಿ ಬಂತು, ಅಮೆರಿಕಕ್ಕೆ 1989ರಲ್ಲಿ.

ಸೇರಿಸುವುದು ಏನನ್ನು? ಬಿಡಿ ಹೂವನ್ನು, ತೊಟ್ಟಿನ ಸಮೇತ. ಪಟ್ಟಿಯಲ್ಲಿ ಸಿಎಂಪಿ, ಯುಎಂಪಿ, ಎಎಂಪಿ, ಜಿಎಂಪಿ, ಐಎಂಪಿ ಅಂತ ಇರುತ್ತದೆ. ಇವುಗಳಲ್ಲಿ ಕೊನೆಯ ಎರಡು ನಿಮಗೆ ಬೇರೆ ಕಡೆಯಿಂದ ಪರಿಚಯ ಇರಬೇಕು. ಚಿಪ್ಸ್, ನೂಡಲ್ಸ್ ಪೊಟ್ಟಣದ ಹಿಂದೆ 627, 631 ಅಂತ ರುಚಿ ಹೆಚ್ಚಿಸುವ ವಸ್ತುಗಳ ಸಂಖ್ಯೆ ಇರುತ್ತದಲ್ಲ, ಅವೇ ಇವು. ಗಾಬರಿ ಬೇಡ, ವಸ್ತು ಒಂದೇ ಆದ ಮಾತ್ರಕ್ಕೆ ಚಿಪ್ಸ್ ಆಗುವುದಿಲ್ಲ. ಒಂದೇ ಅಣು ಒಂದು ಕಡೆ ‘ಕೆಮಿಕಲ್’ ಅಂತ ಬೈಸಿಕೊಂಡು ಇನ್ನೊಂದು ಕಡೆ ‘ಪೋಷಕಾಂಶ’ ಅಂತ ಹೊಗಳಿಸಿಕೊಳ್ಳುವುದು ನೋಡಿ ನನಗೆ ನಗು ಬಂತು ಅಷ್ಟೇ.

ಬಿಡಿ ಹೂವಾದ್ದರಿಂದ ಕತ್ತರಿಯ ಕೆಲಸವೇ ಇಲ್ಲ. ತೊಟ್ಟು ಕಿತ್ತರೆ ಆಯಿತು, ಆ ಕಿಣ್ವ ಕೂಸಿನ ಹತ್ತಿರ ಇದ್ದೇ ಇದೆ. ಅಂದರೆ ಅರಗುವ ದೃಷ್ಟಿಯಿಂದ ಡಬ್ಬಿಯ ನ್ಯೂಕ್ಲಿಯೋಟೈಡ್ ಎದೆಹಾಲಿನದಕ್ಕಿಂತ ಸುಲಭವೇ.

ಎಷ್ಟು ಸೇರಿಸುತ್ತಾರೆ? ಯುರೋಪಿನ ನಿಯಮದಲ್ಲಿ 100 ಕಿಲೊಕ್ಯಾಲರಿಗೆ ಒಟ್ಟು 5 ಮಿಲಿಗ್ರಾಂಗಿಂತ ಜಾಸ್ತಿ ಹಾಕುವಂತಿಲ್ಲ. ಲೀಟರಿಗೆ ಲೆಕ್ಕ ಹಾಕಿದರೆ ಹೆಚ್ಚೆಂದರೆ 33 ಮಿಲಿಗ್ರಾಂ ಆಸುಪಾಸು, ಎದೆಹಾಲಿನ ಆ 72ರ ಅರ್ಧವೂ ಅಲ್ಲ. ಅಮೆರಿಕದಲ್ಲಿ 72ಕ್ಕೇ ಹೊಂದಿಸಿ ಮಾಡಿದ ಡಬ್ಬಿಗಳೂ ಬಂದವು. ಮುಕ್ಕಾಲು ಲೀಟರ್ ಕುಡಿಯುವ ಕೂಸಿಗೆ ಎದೆಹಾಲಿನಿಂದ ದಿನಕ್ಕೆ ಸಿಗುವುದು ಸುಮಾರು 54 ಮಿಲಿಗ್ರಾಂ. ಒಂದು ಚಿಟಿಕೆ ಉಪ್ಪೂ ಇದಕ್ಕಿಂತ ಭಾರ ಇರುತ್ತದೆ.

ಉಪಯೋಗ ಆಯಿತಾ? ಸ್ವಲ್ಪ ಆಯಿತು ಅನ್ನುವ ಪ್ರಯೋಗಗಳಿವೆ. ಚಿಲಿ ದೇಶದ ಸ್ಯಾಂಟಿಯಾಗೊದಲ್ಲಿ ಬಡ ಕುಟುಂಬಗಳ ಮಕ್ಕಳ ಮೇಲೆ ನಡೆದ ಪ್ರಯೋಗ 1994ರಲ್ಲಿ ಪ್ರಕಟವಾಯಿತು, ಸೇರಿಸಿದ ಹಾಲು ಕುಡಿದವರಲ್ಲಿ ಭೇದಿ ಕಡಿಮೆ ಕಂಡಿತು. 1998ರಲ್ಲಿ ಅಮೆರಿಕದಲ್ಲಿ, ಲಸಿಕೆ ಹಾಕಿದ ಮೇಲೆ ಹಿಬ್ (ಮಿದುಳು ಜ್ವರ, ನ್ಯುಮೋನಿಯಾ ತರುವ ಒಂದು ಬ್ಯಾಕ್ಟೀರಿಯಾ) ಮತ್ತು ಡಿಫ್ತೀರಿಯಾಕ್ಕೆ ಬರುವ ಪ್ರತಿಕಾಯಗಳು ಜಾಸ್ತಿ ಕಂಡವು. 2007ರಲ್ಲಿ 15 ಪ್ರಯೋಗಗಳನ್ನು ಒಟ್ಟು ಸೇರಿಸಿ ನೋಡಿದಾಗಲೂ ಇದೇ ಎರಡು ಅಂಶಗಳು ಮೇಲೆ ಬಂದವು, ಲಸಿಕೆಗೆ ಪ್ರತಿಕ್ರಿಯೆ ಮತ್ತು ಭೇದಿ. 2010ರಲ್ಲಿ ಬ್ರಿಟನ್ನಿನ 200 ಮಕ್ಕಳ ಒಂದು ಪ್ರಯೋಗದಲ್ಲಿ ತಲೆಯ ಸುತ್ತಳತೆ ಸ್ವಲ್ಪ ಜಾಸ್ತಿ ಬೆಳೆದಿತ್ತು. ಅಂಗಡಿಯವನ ‘ಬ್ರೈನ್’ ಮಾತಿನ ಮೂಲ ಇಲ್ಲೇ ಎಲ್ಲೋ ಇರಬೇಕು. ಆದರೆ ತಲೆಯ ಸುತ್ತಳತೆ ಬೇರೆ, ಬುದ್ಧಿ ಬೇರೆ. ಟೋಪಿ ಅಂಗಡಿಯವನಿಗೂ ಗೊತ್ತು.

ಇನ್ನೊಂದು ತಕ್ಕಡಿಯಲ್ಲಿ ಏನಿದೆ ಅಂದರೆ, ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2014ರಲ್ಲಿ ಇದನ್ನೆಲ್ಲ ತೂಗಿ ನೋಡಿ, ಶಿಶುಗಳ ಡಬ್ಬಿ ಹಾಲಿಗೆ ನ್ಯೂಕ್ಲಿಯೋಟೈಡ್ ಸೇರಿಸುವ ಅಗತ್ಯ ಇಲ್ಲ ಎಂದಿತು. ಬೇಡ ಅಂದಿಲ್ಲ, ಅಗತ್ಯ ಇಲ್ಲ ಅಂದಿತು. ಅಲ್ಲಿ ಸೇರಿಸುವುದು ಕಂಪನಿಗಳ ಇಷ್ಟಕ್ಕೆ ಬಿಟ್ಟದ್ದು.

ಸೋಯಾ ಡಬ್ಬಿಯ ಕತೆ ಕೇಳಿದರೆ ಈ ‘ಜಾಸ್ತಿ ಇದ್ದರೆ ಒಳ್ಳೆಯದು’ ಎಂಬ ಲೆಕ್ಕವೇ ಕುಸಿದುಬೀಳುತ್ತದೆ. ಸೋಯಾ ಪ್ರೋಟೀನಿನಲ್ಲಿ ಬೀಜದ ಕೋಶಗಳ ಆರ್‌ಎನ್‌ಎ ಸಹಜವಾಗಿಯೇ ಉಳಿದಿರುತ್ತದೆ, ಏನೂ ಸೇರಿಸದೆಯೇ ಎದೆಹಾಲಿಗಿಂತ ಎಷ್ಟೋ ಪಟ್ಟು ಜಾಸ್ತಿ. ಹಾಗಂತ ಯಾವ ಮಕ್ಕಳ ಡಾಕ್ಟರೂ ಸೋಯಾ ಡಬ್ಬಿಯೇ ಶ್ರೇಷ್ಠ ಅನ್ನುವುದಿಲ್ಲ, ಗ್ಯಾಲಕ್ಟೋಸೀಮಿಯಾದಂಥ (ಹಾಲಿನ ಸಕ್ಕರೆಯ ಒಂದು ಭಾಗವನ್ನು ದೇಹ ಬಳಸಿಕೊಳ್ಳಲಾಗದ ಹುಟ್ಟು ಕಾಯಿಲೆ) ಕೆಲವು ನಿರ್ದಿಷ್ಟ ಕಾರಣಗಳಿಗೆ ಮಾತ್ರ ಬರೆಯುತ್ತಾರೆ.

ನನ್ನ ತೀರ್ಮಾನ: ಎರಡು ಡಬ್ಬಿಗಳ ಬೆಲೆ ಹೆಚ್ಚುಕಡಿಮೆ ಒಂದೇ ಇದ್ದರೆ ಸೇರಿಸಿದ್ದನ್ನೇ ತಗೊಳ್ಳಿ, ಕಳೆದುಕೊಳ್ಳುವುದೇನಿಲ್ಲ. ಬೆಲೆ ಚೆನ್ನಾಗೇ ಜಾಸ್ತಿ ಇದ್ದು, ತಿಂಗಳ ಕೊನೆಗೆ ಪುಡಿ ಉಳಿಸಲು ಚಮಚ ಕಡಿಮೆ ಹಾಕುವ ಪರಿಸ್ಥಿತಿ ಬರುವುದಾದರೆ ಖಂಡಿತ ಬೇಡ. ನೀರು ಜಾಸ್ತಿ ಮಾಡಿದ ದುಬಾರಿ ಹಾಲಿಗಿಂತ ಅಳತೆ ಸರಿಯಿರುವ ಅಗ್ಗದ ಹಾಲು ಎಷ್ಟೋ ಮೇಲು. ಭೇದಿ ತಡೆಯಬೇಕು ಅಂದರೆ ಬಾಟಲಿ ತೊಳೆಯುವುದು, ನೀರು ಕುದಿಸುವುದು, 70 ಡಿಗ್ರಿಗಿಂತ ಕಮ್ಮಿಯಾಗದ ನೀರಲ್ಲಿ ಪುಡಿ ಕಲಸಿ ಆಮೇಲೆ ಆರಿಸುವುದು, ಕಲಸಿದ್ದನ್ನು ಎರಡು ಗಂಟೆ ಮೀರಿ ಇಟ್ಟು ಕುಡಿಸದಿರುವುದು. ಯಾವ ನ್ಯೂಕ್ಲಿಯೋಟೈಡೂ ಇದರ ಬದಲಿಗೆ ನಿಲ್ಲುವುದಿಲ್ಲ.

ಹಸು, ಮೇಕೆ, ಕತ್ತೆ

ಹಸುವಿನ ಹಾಲನ್ನು ವರ್ಷದೊಳಗೆ ಬೇಡ ಅನ್ನುವುದಕ್ಕೆ ನ್ಯೂಕ್ಲಿಯೋಟೈಡ್ ಕಾರಣವೇ ಅಲ್ಲ. ಅದರಲ್ಲಿ ಪ್ರೋಟೀನ್ ಎದೆಹಾಲಿನ ಮೂರು ಪಟ್ಟು, ಲವಣಗಳೂ ಜಾಸ್ತಿ, ಎಳೆ ಮೂತ್ರಪಿಂಡಕ್ಕೆ ಹೊರೆ. ಕಬ್ಬಿಣಾಂಶ ಕಮ್ಮಿ, ಕೆಲವು ಮಕ್ಕಳಿಗೆ ಕರುಳಿನಲ್ಲಿ ಕಣ್ಣಿಗೆ ಕಾಣದಷ್ಟು ರಕ್ತವೂ ಸೋರುತ್ತದೆ. ಇಷ್ಟು ಸಾಕು.

ಮೇಕೆ ಹಾಲಿನದು ವಿಚಿತ್ರ. ನ್ಯೂಕ್ಲಿಯೋಟೈಡ್ ಹಸುವಿನ ಹಾಲಿಗಿಂತ ಜಾಸ್ತಿ, ಅದನ್ನೇ ಹೇಳಿ ಮಾರುವವರೂ ಇದ್ದಾರೆ. ಆದರೆ ಅದರಲ್ಲಿ ಫೋಲೇಟ್ ಎಂಬ ವಿಟಮಿನ್ ತೀರಾ ಕಮ್ಮಿ. ಫೋಲೇಟ್ ಏನು ಮಾಡುತ್ತದೆ? ದೇಹ ತಾನೇ ಹೊಸ ಹೂವು ತಯಾರಿಸಲು ಬೇಕಾದದ್ದೇ ಅದು, ಅದರಲ್ಲೂ ಡಿಎನ್‌ಎಗೆ ಬೇಕಾದ ಥೈಮಿನ್. ಮೇಕೆ ಹಾಲೊಂದರಲ್ಲೇ ಬೆಳೆದ ಕೂಸುಗಳಿಗೆ ಬರುವ ರಕ್ತಹೀನತೆ ಹಳೆಯ ವೈದ್ಯರಿಗೂ ಗೊತ್ತಿತ್ತು. ರಕ್ತಕೋಶಗಳು ಡಿಎನ್‌ಎ ನಕಲು ಮಾಡಲಾಗದೆ, ಒಂದು ಎರಡಾಗದೆ ಹಾಗೇ ಊದಿಕೊಳ್ಳುತ್ತವೆ. ನಾಲ್ಕು ಬುಟ್ಟಿ ಹೂವು ಪುಕ್ಕಟೆ ತಂದುಕೊಟ್ಟು ತೋಟಕ್ಕೆ ಬರುವ ನೀರಿನ ಕಾಲುವೆ ಮುಚ್ಚಿದ ಹಾಗೆ.

ಇದೇ ಮಾತು ವಿಟಮಿನ್ ಬಿ12ಗೂ ಸಲ್ಲುತ್ತದೆ. ನನಗೆ ಕೇಳಿದರೆ ಇಡೀ ಲೇಖನದಲ್ಲಿ ನಮ್ಮವರು ಗಮನ ಕೊಡಬೇಕಾದದ್ದು ಇದಕ್ಕೇ. ಫೋಲೇಟ್ ಕೆಲಸ ಮಾಡಬೇಕಾದರೆ ಬಿ12 ಬೇಕು. ಅಪ್ಪಟ ಸಸ್ಯಾಹಾರಿ ತಾಯಿ, ಹಾಲು ಮೊಸರೂ ಕಡಿಮೆ, ಬಾಣಂತನದ ಪಥ್ಯ ಬೇರೆ. ಆಕೆಯ ಮೈಯಲ್ಲಿ ಬಿ12 ಇಲ್ಲದಿದ್ದರೆ ಹಾಲಿನಲ್ಲೂ ಇರುವುದಿಲ್ಲ. ಕೂಸು ದುಂಡಗೇ ಕಾಣಬಹುದು, ಆದರೆ ಮೆಲ್ಲಗೆ ಮಂಕಾಗುತ್ತದೆ, ನಗು ನಿಲ್ಲುತ್ತದೆ, ಕಲಿತ ಕತ್ತು ನಿಲ್ಲಿಸುವುದೂ ಮರೆಯುತ್ತದೆ, ಬೆರಳಿನ ಗೆಣ್ಣು ಕಪ್ಪಾಗುತ್ತದೆ, ಕೈಕಾಲು ನಡುಗಲು ಶುರುವಾಗುತ್ತದೆ. ಭಾರತದ ಮಕ್ಕಳ ಡಾಕ್ಟರುಗಳಿಗೆ ಇನ್ಫೆಂಟೈಲ್ ಟ್ರೆಮರ್ ಸಿಂಡ್ರೋಮ್ ಎಂಬ ಹೆಸರಲ್ಲಿ ಚೆನ್ನಾಗಿ ಪರಿಚಯ ಇರುವ ತೊಂದರೆ ಇದು. ಬಸುರಿಯಲ್ಲೇ ತಾಯಿಯ ಬಿ12 ನೋಡಿಸಿ ಬೇಕಾದರೆ ಮಾತ್ರೆ ತಗೊಂಡರೆ ಮುಗಿಯಿತು. ದುಬಾರಿ ಡಬ್ಬಿಗೆ ಕೊಡುವ ಹೆಚ್ಚುವರಿ ದುಡ್ಡು ಇಲ್ಲಿಗೆ ಹೋಗಲಿ.

ಕತ್ತೆ ಹಾಲು. ಬೆಂಗಳೂರಿನ ಬೀದಿಗಳಲ್ಲೂ ಕತ್ತೆ ಹಿಡಿದುಕೊಂಡು ಕೂಗುತ್ತಾ ಬರುತ್ತಾರೆ, ಮನೆ ಮುಂದೆಯೇ ಕರೆದು ಹಸಿ ಹಾಲನ್ನು ಒಳಲೆಯಲ್ಲಿ ಕುಡಿಸುತ್ತಾರೆ. ಪ್ರೋಟೀನ್ ಕಮ್ಮಿ, ಸಕ್ಕರೆ ಜಾಸ್ತಿ, ಎದೆಹಾಲಿಗೆ ಹತ್ತಿರ ಅನ್ನುವುದು ಸುಳ್ಳಲ್ಲ. ಆದರೆ ಒಂದು ಒಳಲೆಯಿಂದ ಯಾವ ಪೋಷಕಾಂಶವೂ ಲೆಕ್ಕಕ್ಕೆ ಬರುವುದಿಲ್ಲ, ಕಾಯಿಸದ ಹಾಲಿನ ಕ್ರಿಮಿಗೆ ಮಾತ್ರ ಒಂದು ಹನಿಯೂ ಸಾಕು.

ಆರು ತಿಂಗಳಾದ ಮೇಲೆ

ಇಲ್ಲಿಗೆ ಬಂದರೆ ಡಬ್ಬಿಯ ಚರ್ಚೆ ತಾನಾಗಿಯೇ ಸಣ್ಣದಾಗುತ್ತದೆ. ಹೆಸರುಬೇಳೆ, ಮೀನು, ಕೋಳಿಯ ಈಲಿ, ಸೊಪ್ಪು ಎಲ್ಲದರಲ್ಲೂ ನ್ಯೂಕ್ಲಿಯಿಕ್ ಆಮ್ಲ ಇದೆ, ಈಲಿಯಲ್ಲಂತೂ ದಂಡಿಯಾಗಿ. ರಾಗಿ ಸರಿಯಲ್ಲಿ, ಕರಾವಳಿಯವರ ಮಣ್ಣಿಯಲ್ಲಿ ಅಷ್ಟಿಲ್ಲ. ಮೊಟ್ಟೆಯಲ್ಲಿ ಇಲ್ಲವೇ ಇಲ್ಲ ಅನ್ನಬಹುದು, ಅಷ್ಟು ದೊಡ್ಡದಿದ್ದರೂ ಹಳದಿ ಭಾಗ ಒಂದೇ ಒಂದು ಕೋಶ ತಾನೇ. ಹಾಗಂತ ಮೊಟ್ಟೆ ಬಿಡುತ್ತೀರಾ? ಬಿಡಬೇಡಿ, ಬಿ12 ಇರುವುದು ಅದರಲ್ಲಿ. ಅಷ್ಟು ಹೊತ್ತಿಗೆ ಕೂಸಿನ ಹೊಟ್ಟೆಯ ಹುಳಿ, ಮೇದೋಜೀರಕದ ರಸ ಎರಡೂ ಬಲಿಯುತ್ತಿರುತ್ತವೆ, ಕತ್ತರಿಗೆ ಕೊರತೆ ಇಲ್ಲ. ಒಂದೇ ಮಾತು, ಬೇಳೆಯ ಕಟ್ಟು ಮಾತ್ರ ಬಸಿದು ಕುಡಿಸಬೇಡಿ. ನೀರಲ್ಲಿ ಬಣ್ಣ ಇರುತ್ತದೆ, ಬೇಳೆ ತಳದಲ್ಲಿ ಉಳಿಯುತ್ತದೆ. ಬೇಳೆಯನ್ನೇ ಮಿದ್ದು ತಿನ್ನಿಸಿ.

ಬಟ್ಟೆಯ ಮೇಲಿನ ಕಿತ್ತಳೆ ಕಲೆ

ಇದನ್ನು ಹೇಳದಿದ್ದರೆ ರಾತ್ರಿ ಹನ್ನೊಂದಕ್ಕೆ ಮತ್ತೆ ಯಾರಾದರೂ ಫೋಟೋ ಕಳಿಸುತ್ತಾರೆ. ಹುಟ್ಟಿದ ಮೊದಲ ಎರಡು ಮೂರು ದಿನ ಕೂಸಿನ ಬಟ್ಟೆಯ ಮೇಲೆ ಇಟ್ಟಿಗೆ ಪುಡಿ ಉದುರಿದ ಹಾಗೆ ಕಿತ್ತಳೆ ಅಥವಾ ಗುಲಾಬಿ ಬಣ್ಣದ ಕಲೆ ಕಾಣಬಹುದು. ರಕ್ತ ಅಂತ ಮನೆಯವರೆಲ್ಲ ಹೌಹಾರುತ್ತಾರೆ. ಬಹಳ ಸಲ ಅದು ಯೂರಿಕ್ ಆಮ್ಲದ ಹರಳು, ಮೇಲೆ ಹೇಳಿದ ಮುರಿದ ಹೂವುಗಳ ಕೊನೆಯ ಕಸ. ಅದು ಹಾಲಿನಿಂದ ಬಂದದ್ದಕ್ಕಿಂತ ಹೆಚ್ಚಾಗಿ ಕೂಸಿನ ಸ್ವಂತ ಕೋಶಗಳಿಂದ ಬಂದದ್ದು, ಮೂತ್ರ ಗಟ್ಟಿಯಾಗಿರುವುದರಿಂದ ಕಣ್ಣಿಗೆ ಬೀಳುತ್ತದೆ. ಹಾಲು ಚೆನ್ನಾಗಿ ಇಳಿದು ಕೂಸು ಕುಡಿಯಲು ಶುರು ಮಾಡಿದ ಮೇಲೆ ಹೋಗುತ್ತದೆ. ಐದು ದಿನ ಕಳೆದರೂ ಕಲೆ ಬರುತ್ತಿದ್ದರೆ, ಒದ್ದೆ ಬಟ್ಟೆಗಳ ಸಂಖ್ಯೆ ಕಮ್ಮಿ ಇದ್ದರೆ, ಕೂಸು ಎದ್ದು ಕುಡಿಯದೆ ಮಲಗೇ ಇದ್ದರೆ ಅದು ಹಾಲು ಸಾಲುತ್ತಿಲ್ಲ ಎಂಬ ಸೂಚನೆ ಇರಬಹುದು, ಅವತ್ತೇ ಡಾಕ್ಟರಿಗೆ ತೋರಿಸಿ. ಕೆಂಪು ಕಲೆ ರಕ್ತವೇ ಇರಬಹುದು ಅನ್ನಿಸಿದರೂ ಅಷ್ಟೇ, ನನ್ನನ್ನು ಕೇಳುತ್ತಾ ಕೂರಬೇಡಿ, ಬಟ್ಟೆಯನ್ನೇ ತಗೊಂಡು ಹೋಗಿ.

ತಂಗಿಗೆ ಕೊನೆಗೆ ನಾನು ಕಳಿಸಿದ ಉತ್ತರ ಮೂರೇ ಸಾಲು. ಕಮ್ಮಿ ಬೆಲೆಯದ್ದು ತಗೋ. ಡಬ್ಬಿಯ ಒಳಗಿರುವ ಚಮಚದಲ್ಲೇ ಮೇಲೆ ಸವರಿ ಸಮ ಮಾಡಿ ಅಳೆ, ಒತ್ತಿ ತುಂಬಬೇಡ. ನಿನ್ನ ಬಿ12 ಯಾವಾಗ ನೋಡಿಸಿದ್ದು? ಮೊದಲ ಎರಡಕ್ಕೆ ಹೆಬ್ಬೆರಳು ಬಂತು. ಮೂರನೆಯದಕ್ಕೆ ಇನ್ನೂ ಉತ್ತರ ಬಂದಿಲ್ಲ, ನಾಳೆ ಅಮ್ಮನ ಕೈಲಿ ಕೇಳಿಸುತ್ತೇನೆ.